ಘಾಟಿ ದಾರಿಗೆ ಎಂಥ ಶಾಕ್ ಅಬ್ಸಾರ್ಬರ್ ಬೇಕು?

ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಂದ ತಕ್ಷಣ ಹೊರಗಿನವರಿಗೆ ನೆನಪಾಗುವುದು ದೇವನಹಳ್ಳಿಯ ವಿಮಾನ ನಿಲ್ದಾಣ ಮತ್ತು ಅಲ್ಲಿಗೆ ಹೋಗುವ ನುಣುಪಾದ ಹೆದ್ದಾರಿ. ಹೈದರಾಬಾದ್ ಕಡೆಯ ಹೆದ್ದಾರಿ ದೇವನಹಳ್ಳಿ ಮೇಲೆ, ತುಮಕೂರಿನದು ನೆಲಮಂಗಲದ ಮೇಲೆ, ಕೋಲಾರದ್ದು ಹೊಸಕೋಟೆ ಮೇಲೆ ಹೋಗುತ್ತದೆ. ಈ ಮೂರನ್ನೂ ದಾರದಲ್ಲಿ ಪೋಣಿಸಿದ ಹಾಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ಹಾದು ಹೊಸಕೋಟೆಗೆ ಇನ್ನೊಂದು ರಸ್ತೆ ಇದೆ. ಇವುಗಳ ಮೇಲಷ್ಟೇ ಓಡಾಡುವವರಿಗೆ ಯಾವ ಕಾರಾದರೂ ಆದೀತು.

ಆದರೆ ನೋಡಬೇಕಾದ್ದು, ತಿನ್ನಬೇಕಾದ್ದು, ನಮ್ಮವರು ಇರೋದು ಎಲ್ಲಾ ಹೆದ್ದಾರಿಯಿಂದ ಎಡಕ್ಕೋ ಬಲಕ್ಕೋ ಹೊರಳಿದ ಮೇಲೇನೇ. ನನ್ನ ಊರು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿದೆ. ಆಫೀಸು ಹೆಬ್ಬಾಳದ ಹತ್ತಿರ. ಶುಕ್ರವಾರ ರಾತ್ರಿ ಊರಿಗೆ, ಸೋಮವಾರ ಬೆಳಗ್ಗೆ ವಾಪಸ್. ಒಂಬತ್ತು ವರ್ಷದ ಹಳೇ ಹ್ಯಾಚ್‌ಬ್ಯಾಕ್ ಕಾರು, ಮೀಟರ್‌ನಲ್ಲಿ 92 ಸಾವಿರ ಕಿಲೋಮೀಟರ್. ಹೋದ ವರ್ಷ ಅದರ ಸಸ್ಪೆನ್ಷನ್ ಬದಲಾಯಿಸುವ ಕಾಲ ಬಂತು. ಯಾವುದು ಹಾಕಿಸಬೇಕು ಅಂತ ತಲೆ ಕೆಡಿಸಿಕೊಂಡ ಆ ಎರಡು ತಿಂಗಳಲ್ಲಿ ನಮ್ಮ ಜಿಲ್ಲೆಯ ರಸ್ತೆಗಳನ್ನೇ ಹೊಸದಾಗಿ ನೋಡಿದ ಹಾಗಾಯಿತು.

ಒಂದೊಂದು ದಾರಿಗೆ ಒಂದೊಂದು ಪೆಟ್ಟು

ಮೊದಲು ನಮ್ಮ ಘಾಟಿ ದಾರಿ. ದೊಡ್ಡಬಳ್ಳಾಪುರ ದಾಟಿದರೆ ಎಡಬಲ ಹೂವಿನ ಶೆಡ್‌ಗಳು, ದ್ರಾಕ್ಷಿ ತೋಟ, ದೂರದಲ್ಲಿ ಮಾಕಳಿದುರ್ಗದ ಬೆಟ್ಟ. ಪುಷ್ಯ ಷಷ್ಠಿಯ ರಥೋತ್ಸವದ ಸಮಯದಲ್ಲಿ, ದನಗಳ ಜಾತ್ರೆಯ ದಿನಗಳಲ್ಲಿ ಈ ದಾರಿ ತುಂಬಾ ಜೋಡೆತ್ತುಗಳು. ಇಲ್ಲಿ ಕಾರಿಗೆ ಬೀಳುವ ಪೆಟ್ಟು ಹಂಪ್‌ಗಳದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ಊರೂರಲ್ಲಿ ಜನರೇ ಹಾಕಿಕೊಂಡ ಹಂಪ್‌ಗಳು ಅಗಲ ಒಂದು ಮೊಳ, ಎತ್ತರ ಒಂದು ಗೇಣು! ನಮ್ಮ ಸಣ್ಣ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸಾಮಾನ್ಯವಾಗಿ 165–170 ಮಿಲಿಮೀಟರ್. ನಾಲ್ಕು ಜನ, ಒಂದು ಮೂಟೆ ರಾಗಿ ಹೇರಿದರೆ ಅದರಲ್ಲೂ ಒಂದಷ್ಟು ಹೋಯಿತು.

ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಕಡೆಗೆ ಹೋಗಿ. ವಿಗ್ರಹ ಕೆತ್ತುವವರು ಹುಡುಕಿಕೊಂಡು ಬರುವ ಕಲ್ಲು ಅದು. ಕಲ್ಲು, ಜಲ್ಲಿ ಹೇರಿದ ಟಿಪ್ಪರ್‌ಗಳು ಓಡುವ ದಾರಿಗಳಲ್ಲಿ ಚಕ್ರದ ಜಾಡು ಬಿದ್ದು ನಡುವೆ ದಿಬ್ಬ ಎದ್ದಿರುತ್ತದೆ. ಜಲ್ಲಿ ಹಾರಿ ಕಾರಿನ ಕೆಳಗೆ ಟಣ್ ಅನ್ನುತ್ತದೆ. ಇನ್ನು ನೆಲಮಂಗಲ ತಾಲ್ಲೂಕಿನ ಶಿವಗಂಗೆ ಸುತ್ತಿನ ಹಳ್ಳಿ ದಾರಿಗಳು. ಡಾಂಬರು ಚೆನ್ನಾಗಿದ್ದರೂ ಅಂಚು ಕಿತ್ತಿರುತ್ತದೆ. ಎದುರಿಗೆ ಬಸ್ಸು ಬಂದರೆ ಎಡಗಡೆಯ ಎರಡು ಚಕ್ರ ಕೆಳಗಿಳಿಯಲೇಬೇಕು; ಮತ್ತೆ ಹತ್ತುವಾಗ ಆ ಚೂಪು ಅಂಚು ಟೈರನ್ನು ಕಚ್ಚುತ್ತದೆ.

ದೇವನಹಳ್ಳಿಯಿಂದ ಸೂಲಿಬೆಲೆ ಕಡೆ ಹೊರಟರೆ ನಲ್ಲೂರಿನ ಹುಣಸೆ ತೋಪು ಸಿಗುತ್ತದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ. ಆ ಹಳೇ ಮರಗಳ ಕೆಳಗೆ ಅರ್ಧ ಗಂಟೆ ಕೂತು, ಒಳದಾರಿ ಹಿಡಿದು ಹೊಸಕೋಟೆ ಸೇರುವುದು ನನಗಿಷ್ಟ. ಸುಗ್ಗಿಯಲ್ಲಿ ಹೋದರೆ ರಸ್ತೆ ತುಂಬಾ ಹುರುಳಿ ಒಕ್ಕಣೆ. ಮೆತ್ತಗಿದೆ ಅಂತ ನುಗ್ಗಿಸಬೇಡಿ. ಆ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ರಬ್ಬರ್ ಕವರ್‌ಗಳನ್ನು ಹರಿಯುತ್ತದೆ. ಬಿಸಿ ಸೈಲೆನ್ಸರ್ ತಾಗಿ ಬೆಂಕಿ ಹತ್ತುವ ಅಪಾಯವೂ ಉಂಟು. ಇಳಿದು, ನಿಂತು, ಕಿತ್ತು ಹಾಕಿ ಮುಂದೆ ಹೋಗಬೇಕು.

ಅಮ್ಮನ ಸೊಂಟ

ಇಷ್ಟು ವರ್ಷ ಇದೆಲ್ಲ ತಮಾಷೆಯೇ ಆಗಿತ್ತು. ಅಮ್ಮನಿಗೆ ಸೊಂಟದ ಡಿಸ್ಕ್ ಆಪರೇಷನ್ ಆದ ಮೇಲೆ ಅಲ್ಲ. ತಿಂಗಳಿಗೆ ಎರಡು ಸಲ ಯಲಹಂಕಕ್ಕೆ ಕರೆದುಕೊಂಡು ಹೋಗಬೇಕು. “ಕುಲುಕಾಟ ಕಡಿಮೆ ಇರಲಿ” ಅಂದರು ಡಾಕ್ಟರು. ಹಿಂದಿನ ಸೀಟಿನಲ್ಲಿ ಅಮ್ಮ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, ಪ್ರತಿ ಹಂಪ್‌ಗೂ ಕಣ್ಣು ಮುಚ್ಚಿಕೊಳ್ಳೋದು ಕನ್ನಡಿಯಲ್ಲಿ ಕಾಣುತ್ತಿತ್ತು. ಮೂರನೇ ಸಲಕ್ಕೆ, “ಸುಮ್ಕಿರು ಮಗಾ, ಈ ಸಲ ಹೋಗೋದು ಬ್ಯಾಡ, ನಂಗೇನೂ ಆಗಿಲ್ಲ” ಅಂದುಬಿಟ್ಟರು. ಚಿಕಿತ್ಸೆಗಿಂತ ದಾರಿಯೇ ನೋವು ಅನ್ನುವ ಹಾಗಾಗಿತ್ತು.

ದೊಡ್ಡಬಳ್ಳಾಪುರದಲ್ಲಿ ನಾವು ಯಾವಾಗಲೂ ಹೋಗುವ ಗ್ಯಾರೇಜಿನ ಭಾಯ್ ಕಾರಿನ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಒತ್ತಿ ಬಿಟ್ಟರು. ಒಮ್ಮೆ ಎದ್ದು ಕೂತರೆ ಸರಿ. ಹಿಂಭಾಗ ಮೂರು ಸಲ ತೂಗಾಡಿತು. “ನೋಡಮ್ಮಾ, ಹಿಂದಿನ ಎರಡೂ ಶಾಕಬ್ಸರ್ ಎಣ್ಣೆ ಕಕ್ಕಿವೆ. ಟೈರ್ ಮೇಲೆ ಕೈ ಆಡ್ಸು” ಅಂದರು. ಸವೆತ ಒಂದೇ ಸಮ ಇರಲಿಲ್ಲ, ಅಲೆ ಅಲೆಯಾಗಿತ್ತು. ಚಕ್ರ ನೆಲ ಬಿಟ್ಟು ಬಿಟ್ಟು ಕುಣಿದ ಗುರುತು. ಅಂದರೆ ಇದು ಸೊಂಟದ ಮಾತಷ್ಟೇ ಅಲ್ಲ, ಬ್ರೇಕಿನ ಮಾತೂ ಹೌದು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಪ್ರಯೋಜನ?

ಗಟ್ಟಿ ರಸ್ತೆಗೆ ಮೆತ್ತನೆ ಕಾಲು

ಸ್ನೇಹಿತರನ್ನು ಕೇಳಿದರೆ ಎಲ್ಲರದ್ದೂ ಒಂದೇ ಸಲಹೆ: “ಹಳ್ಳಿ ರೋಡಾ? ಗಟ್ಟಿ ಸ್ಪ್ರಿಂಗ್ ಹಾಕ್ಸು, ಗಾಡಿ ಎತ್ತರ ಮಾಡ್ಸು.” ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಕೆಲಸ ಹಂಚಿಕೆ ಹೇಗಿದೆ ನೋಡಿ. ಭಾರ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ತಡೆಯಿಂದ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಕಾರಿನ ದೇಹ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗಿದರೆ ನಮಗೆ ತೊಟ್ಟಿಲಿನ ಹಾಗೆ ಒಗ್ಗುತ್ತದೆ. ಸೆಕೆಂಡಿಗೆ 4ರಿಂದ 8 ಸಲದ ಅದುರು ಕೂತವರ ಬೆನ್ನಿಗೆ ಬಹಳ ಬಾಧಕ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಮೊದಲನೆಯದರಿಂದ ಎರಡನೆಯದರ ಕಡೆಗೆ ಸರಿಯುತ್ತೇವೆ.

ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ ರೈತರಿಗಾಗಿ 2ಸಿವಿ ಅನ್ನುವ ಸಣ್ಣ ಕಾರು ತಂದಿತು. ಉತ್ತ ಹೊಲದಲ್ಲಿ ಒಂದು ಬುಟ್ಟಿ ಮೊಟ್ಟೆ ಒಡೆಯದೆ ಸಾಗಬೇಕು ಅನ್ನುವುದು ಅದರ ವಿನ್ಯಾಸಕ್ಕೆ ಇಟ್ಟಿದ್ದ ಷರತ್ತು. ಅವರು ಗೆದ್ದದ್ದು ಗಟ್ಟಿ ಸ್ಪ್ರಿಂಗಿನಿಂದಲ್ಲ. ಮೆತ್ತನೆ ಸ್ಪ್ರಿಂಗು, ಚಕ್ರ ಮೇಲೆ ಕೆಳಗೆ ಧಾರಾಳವಾಗಿ ಆಡಲು ಜಾಗ, ಇವೆರಡರಿಂದ. ನಮ್ಮಲ್ಲೂ ಜಟಕಾ ಗಾಡಿಗೆ ಪಟ್ಟಿ ಸ್ಪ್ರಿಂಗ್ ಇತ್ತು, ಎತ್ತಿನ ಗಾಡಿಗೆ ಇರಲಿಲ್ಲ. ಎರಡರಲ್ಲೂ ಕೂತ ಹಿರಿಯರನ್ನು ಕೇಳಿ ನೋಡಿ.

ಮುಂದಿದ್ದ ಆಯ್ಕೆಗಳು

ಒಂದು, ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್. ಅಗ್ಗ, ಕಾರು ಸ್ವಲ್ಪ ಏಳುತ್ತದೆ. ಆದರೆ ಒಂದೆರಡು ಸುರುಳಿ ಆಡದ ಹಾಗಾಗಿ ಉಳಿದವುಗಳ ಮೇಲೆ ಭಾರ ಬೀಳುತ್ತದೆ, ಸವಾರಿಯೂ ಗಡುಸು. ಎರಡು, ಸ್ಪೇಸರ್ ಹಾಕಿ ಎತ್ತರಿಸುವುದು. ಎತ್ತರವಾದಷ್ಟೂ ಕಾರು ತಿರುವಿನಲ್ಲಿ ವಾಲುತ್ತದೆ, ಆಕ್ಸಲ್‌ನ ಕೋನ ಕೆಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಮೀರಿ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿದಿದೆ. ನಾಳೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.

ಮೂರು, ಒಂದೇ ಕೊಳವೆಯ, ಹೆಚ್ಚು ಒತ್ತಡದ ಗ್ಯಾಸ್ ತುಂಬಿದ ದುಬಾರಿ ಶಾಕ್. ವೇಗದ ಓಟಕ್ಕೆ ಒಳ್ಳೆಯದು, ಬೇಗ ಬಿಸಿಯಾಗುವುದಿಲ್ಲ. ಆದರೆ ಅದರ ಹೊರಗೋಡೆಯೇ ಒಳಗಿನ ಪಿಸ್ಟನ್ ಓಡುವ ಗೋಡೆ. ಕೊಯಿರಾ ದಾರಿಯ ಒಂದು ಜಲ್ಲಿ ಕಲ್ಲು ಜೋರಾಗಿ ಬಡಿದು ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು. ನಾಲ್ಕು, ಎರಡು ಕೊಳವೆಯ, ಕಡಿಮೆ ಒತ್ತಡದ ಗ್ಯಾಸ್ ಶಾಕ್. ಹೊರ ಕೊಳವೆ ತಗ್ಗಾದರೂ ಒಳಗಿನದು ಕೆಲಸ ಮಾಡುತ್ತದೆ. ಸಾಲು ಸಾಲು ಗುಂಡಿಗಳಲ್ಲಿ ಬರೀ ಎಣ್ಣೆಯ ಶಾಕ್ ನೊರೆಯೆದ್ದು ಸೋಲುವಷ್ಟು ಬೇಗ ಇದು ಸೋಲುವುದಿಲ್ಲ. 1961ರಿಂದ ಇಲ್ಲೇ ತಯಾರಿಸುತ್ತಿರುವ ಗೇಬ್ರಿಯಲ್, ಹೊರಗಿನಿಂದ ಬಂದ ಮನ್ರೋ, ಕೆವೈಬಿ, ಹೀಗೆ ಹೆಸರುಗಳಿಗೆ ಬರವಿಲ್ಲ. ಹೆಸರಿಗಿಂತ ಮುಖ್ಯ, ನಿಮ್ಮ ಕಾರಿನ ಅದೇ ಮಾಡೆಲ್, ಅದೇ ವರ್ಷ, ಪೆಟ್ರೋಲೋ ಡೀಸೆಲ್ಲೋ ನೋಡಿ ಪಾರ್ಟ್ ನಂಬರ್ ಹೊಂದಿಸುವುದು. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಮುಂದಿನ ಸ್ಪ್ರಿಂಗೇ ಬೇರೆ ಇರಬಹುದು.

ಐದನೆಯದೂ ಒಂದಿದೆ: ಎಣ್ಣೆ ತುಂಬಿ, ಬಣ್ಣ ಬಳಿದು ಮಾರುವ ‘ರೀಕಂಡೀಷನ್’ ಮಾಲು. ಅದರ ಹತ್ತಿರ ಸುಳಿಯಬೇಡಿ.

ಕಾರಿನ ಮೂಲ ಎತ್ತರಕ್ಕೆ ಹೊಂದುವ ನಾಲ್ಕನೆಯದನ್ನೇ ನಾನು ಆರಿಸಿಕೊಂಡೆ. ಹಿಂದಿನ ಸ್ಪ್ರಿಂಗುಗಳು ಕುಗ್ಗಿದ್ದರಿಂದ ಅವನ್ನೂ ಕಂಪನಿಯ ಅಳತೆಯದ್ದೇ ಹೊಸದು ಹಾಕಿಸಿದೆ. ಗಟ್ಟಿ ಸ್ಪ್ರಿಂಗ್ ಇಲ್ಲದೆಯೇ ಕಳೆದುಹೋಗಿದ್ದ ಎತ್ತರ ವಾಪಸ್ ಬಂತು.

ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಲ್ಲಿ

ಯಾವಾಗಲೂ ಜೋಡಿಯಾಗಿ ಬದಲಿಸಿ. ಎಡಕ್ಕೆ ಹೊಸದು, ಬಲಕ್ಕೆ ಹಳೇದು ಬೇಡ. ಶಾಕ್ ಮೇಲಿನ ರಬ್ಬರ್ ಮೌಂಟಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಕವರ್ ಇವೂ ಹೊಸದಾಗಲಿ. ‘ಟಕ್ ಟಕ್’ ಶಬ್ದ ಎಷ್ಟೋ ಸಲ ಬರುವುದು ಶಾಕ್‌ನಿಂದಲ್ಲ, ಸವೆದ ಲಿಂಕ್ ರಾಡ್ ಅಥವಾ ಬುಷ್‌ನಿಂದ. ಮೊದಲು ಅವನ್ನು ನೋಡಿಸಿದರೆ ದುಡ್ಡೂ ಉಳಿದೀತು.

ಭಾಯ್ ಹೇಳಿಕೊಟ್ಟ ಒಂದು ಸೂಕ್ಷ್ಮ: ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. “ಗಾಡಿ ಕಾಲೂರಿ ನಿಂತ್ಮೇಲೆ ಬಿಗೀಬೇಕಮ್ಮಾ. ಇಲ್ದಿದ್ರೆ ರಬ್ಬರ್ ತಿರುಚ್ಕೊಂಡೇ ಇರ್ತದೆ, ಬೇಗ ಹರೀತದೆ.” ಕೊನೆಗೆ ವೀಲ್ ಅಲೈನ್‌ಮೆಂಟ್. ಟೈರ್ ಗಾಳಿ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವಷ್ಟೇ. ಮೈಲೇಜಿಗೆ ಅಂತ ಜಾಸ್ತಿ ಹೊಡೆಸಿದರೆ ಹೊಸ ಶಾಕ್ ಹಾಕಿಸಿದ್ದೂ ಅರ್ಧ ದಂಡ. ಅಮ್ಮನನ್ನು ಹಿಂದಿನ ಸೀಟಿನಿಂದ ಮುಂದಕ್ಕೆ ಕರೆತಂದೆ. ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಹೆಚ್ಚುಕಮ್ಮಿ ಚಕ್ರದ ಮೇಲೇ ಇರುತ್ತದೆ, ಪೆಟ್ಟು ನೇರವಾಗಿ ತಾಗುವುದು ಅಲ್ಲೇ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ!

ಎಂಟು ತಿಂಗಳಾಯಿತು. ಹಂಪ್‌ಗಳು ಹಾಗೇ ಇವೆ, ಈಗಲೂ ನಿಧಾನ ಮಾಡಲೇಬೇಕು. ಆದರೆ ಏರಿ ಇಳಿದ ಮೇಲೆ ಕಾರು ಒಮ್ಮೆ ಕೂತು ಸುಮ್ಮನಾಗುತ್ತದೆ. ಯಲಹಂಕದ ಸರದಿ ಒಂದೂ ತಪ್ಪಿಲ್ಲ. ಹೋದ ತಿಂಗಳು ವಾಪಸ್ ಬರುವಾಗ ರಾಜಾನುಕುಂಟೆ ದಾಟುವಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದರು. ಮೇಲಿನ ಹಿಡಿ ಖಾಲಿ ಇತ್ತು.

ಮಳೆಗಾಲ ಮುಗಿದ ಮೇಲೆ ಒಮ್ಮೆ, ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ನಿಮ್ಮ ಕಾರಿನ ಮೂಲೆಗಳನ್ನೂ ಒತ್ತಿ ನೋಡಿ. ಶಾಕ್ ಮೇಲೆ ಎಣ್ಣೆ ಜಿನುಗಿದೆಯಾ, ಟೈರ್ ಸಮವಾಗಿ ಸವೆದಿದೆಯಾ ಗಮನಿಸಿ. ನಿಮ್ಮೂರ ದಾರಿ ಎಂಥದ್ದು, ಅದಕ್ಕೆ ಏನು ಹಾಕಿಸಿದಿರಿ? ಬರೆಯಿರಿ, ಆ ಕಡೆ ಹೊರಡುವವರಿಗೆ ಉಪಯೋಗವಾದೀತು.