ಹಿಮದ ನಾಡಿನ ಕಟ್ಟಡವೂ ಮಂಗಳೂರಿನ ಮಾಡೂ

ಪ್ರವಾಸವೆಂದರೆ ದೂರದೇಶಗಳಿಗೆ ಹೋಗಿಬರುವುದೆಂದು ನಾವು ಸಾಮಾನ್ಯವಾಗಿ ತಿಳಿದಿರುವೆವು. ಆದರೆ ಹುಟ್ಟಿ ಬೆಳೆದ ಊರನ್ನೇ, ಪರದೇಶದಿಂದ ಮರಳಿದ ಒಬ್ಬ ತರುಣನ ಜೊತೆಯಲ್ಲಿ ಒಂದು ದಿನ ನಡೆದು ನೋಡುವುದೂ ಪ್ರವಾಸವೇ ಸರಿ. ಕಳೆದ ಬೇಸಗೆಯಲ್ಲಿ ಅಂತಹ ಯೋಗವೊಂದು ನನಗೆ ಒದಗಿತು. ನಾವು ಹೊರಟುದು ಜೆಪ್ಪುವಿನ ನಮ್ಮ ಮನೆಯ ಜಗಲಿಯಿಂದ; ಮುಟ್ಟಿದುದು ಬಾವುಟಗುಡ್ಡೆಯ ನೆತ್ತಿಯನ್ನು. ನಡುವಣ ದಾರಿ ಕೆಲವೇ ಮೈಲುಗಳದು. ಆದರೂ ಆ ಸಂಜೆ ಮನೆಗೆ ಮರಳಿದಾಗ, ಅರುವತ್ತು ವರ್ಷಗಳಿಂದ ನಾನು ಯಾವುದರ ಕೆಳಗೆ ಮಲಗಿ ಎದ್ದಿರುವೆನೋ ಆ ಮಾಡು ನನಗೆ ಅಂದೇ ಮೊದಲು ಕಂಡಂತಾಯಿತು. ಆ ದಿನದ ವೃತ್ತಾಂತವನ್ನು ವಾಚಕರಿಗೆ ಅರಿಕೆ ಮಾಡುವೆನು.

ನಮ್ಮದು ತಂದೆಯವರ ಕಾಲದ ಮನೆ. ಮುರಕಲ್ಲಿನ ಗೋಡೆ, ಮುಂದೆ ಚಾವಡಿ, ತಲೆಯ ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಹಂಚಿನ ಮಾಡು. ಕೆಲವು ವರ್ಷಗಳಿಂದ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ಆಟಿಯ ಮಳೆಯಲ್ಲಿ ಮೂರು ಕಡೆ ಪಾತ್ರೆಯಿಟ್ಟು ಸೋರುವ ನೀರನ್ನು ಹಿಡಿಯಬೇಕಾಗಿದೆ. ಇದಕ್ಕಿಂತಲೂ ದೊಡ್ಡ ಚಿಂತೆ ನನ್ನ ತಾಯಿಯದು. ಅವರಿಗೆ ಈಗ ೮೬ ವರ್ಷ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಬೆವರುವರು. ಹೃದಯವು ದುರ್ಬಲವಾಗಿರುವುದರಿಂದ ತಂಪಿನಲ್ಲಿರಿಸಬೇಕೆಂದು ವೈದ್ಯರು ಎಚ್ಚರಿಸಿದ್ದರು. ಆದುದರಿಂದ ನಾವು ಅಣ್ಣತಮ್ಮಂದಿರು ಕೂಡಿ, ಮಾಡನ್ನು ಕಳಚಿ ಕಾಂಕ್ರೀಟಿನ ತಾರಸಿ ಹಾಕಿಸುವುದೆಂದೂ, ಕಿಟಕಿಗಳಿಗೆಲ್ಲ ಗಾಜು ಹಾಕಿ ಕೋಣೆಕೋಣೆಗೂ ಏಸಿ ಯಂತ್ರವನ್ನು ಕೂರಿಸುವುದೆಂದೂ ಬಹುಮಟ್ಟಿಗೆ ನಿಶ್ಚಯಿಸಿದ್ದೆವು.

ಅದಕ್ಕೆ ಸರಿಯಾಗಿ ನನ್ನ ತಂಗಿಯ ಮಗನು ರಜೆಗೆ ಬಂದನು. ಅವನು ಕೆನಡಾ ದೇಶದಲ್ಲಿ ಕಟ್ಟಡವಿದ್ಯೆಯನ್ನು ಕಲಿಯುತ್ತಿರುವನು. ಅವನಿಗೂ ಅವನ ಸಹಪಾಠಿಗಳಿಗೂ ಆ ವರ್ಷ ಗುರುಗಳು ಕೊಟ್ಟ ಅಭ್ಯಾಸವು ಸ್ವಾರಸ್ಯವಾದುದು: ವಿಶ್ವವಿದ್ಯಾನಿಲಯಕ್ಕೆ ಒಂದು ಸಂಶೋಧನಾ ಮಂದಿರದ ನಕ್ಷೆಯನ್ನು ಬರೆಯಬೇಕು, ಆ ಕಟ್ಟಡವು ಒಂದು ವರ್ಷದಲ್ಲಿ ಖರ್ಚು ಮಾಡುವಷ್ಟು ಶಕ್ತಿಯನ್ನು ಆ ವರ್ಷದೊಳಗೆ ತಾನೇ ಸಂಪಾದಿಸಬೇಕು. ಸಂಸಾರಸ್ಥರ ಮಾತಿನಲ್ಲಿ ಹೇಳುವುದಾದರೆ, ವರ್ಷಾಂತ್ಯದಲ್ಲಿ ಜಮೆಗೂ ಖರ್ಚಿಗೂ ಸರಿಹೋಗಿ ಸಾಲವು ಸೊನ್ನೆಯಾಗಬೇಕು. "ನಮ್ಮ ಮನೆಗೂ ಒಂದು ನಕ್ಷೆ ಬರೆದುಕೊಡಪ್ಪ" ಎಂದೆನು. "ಮಾವ, ಮೊದಲು ಊರನ್ನು ಒಮ್ಮೆ ನೋಡಿ ಬರೋಣ. ನೀವೂ ಜೊತೆಗೆ ಬರಬೇಕು" ಎಂದನು. ಮರುದಿನ ಮುಂಜಾನೆ ಕಾಫಿ ಮುಗಿಸಿ ಹೊರಟೆವು.

ಹೊಳೆಯ ಕಡೆಗೆ ಇಳಿಯುತ್ತ ಅವನು ಆ ಹಿಮದ ನಾಡಿನ ಕಟ್ಟಡದ ಗುಟ್ಟನ್ನು ವಿವರಿಸಿದನು. ಚಳಿಗಾಲದಲ್ಲಿ ಅಲ್ಲಿಯ ಶೀತವು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಮೂವತ್ತು ಡಿಗ್ರಿ ಕೆಳಗಿಳಿಯುವುದುಂಟು. ಆದುದರಿಂದ ಮನೆಯ ಮೈಯನ್ನು ದಪ್ಪನೆಯ ಕಂಬಳಿಯಿಂದ ಸುತ್ತಿದಂತೆ, ಗೋಡೆ, ಮಾಡು, ನೆಲಗಳಿಗೆಲ್ಲ ಶಾಖವನ್ನು ತಡೆಯುವ ಪದಾರ್ಥಗಳನ್ನು ತುಂಬುವರು. ಸೂಜಿಯ ಮೊನೆಯಷ್ಟು ಬಿರುಕನ್ನೂ ಬಿಡದೆ ಮುಚ್ಚುವರು. ಕಿಟಕಿಗೆ ಒಂದರ ಹಿಂದೊಂದು ಮೂರು ಗಾಜು. ಚಳಿಗಾಲದ ಸೂರ್ಯನು ದಕ್ಷಿಣದಲ್ಲಿ ತಗ್ಗಾಗಿ ಸಂಚರಿಸುವುದರಿಂದ ದೊಡ್ಡ ಕಿಟಕಿಗಳನ್ನೆಲ್ಲ ದಕ್ಷಿಣಕ್ಕಿಟ್ಟು ಬಿಸಿಲನ್ನು ಒಳಗೆ ಕರೆಯುವರು. ಉಸಿರಾಟಕ್ಕೆ ಹೊಸ ಗಾಳಿ ಬೇಕಷ್ಟೆ? ಹೊರಗೆ ಹೋಗುವ ಬೆಚ್ಚನೆಯ ಗಾಳಿಯೂ ಒಳಗೆ ಬರುವ ತಣ್ಣನೆಯ ಗಾಳಿಯೂ ತೆಳುವಾದ ತಗಡುಗಳ ಎರಡು ಮಗ್ಗುಲಲ್ಲಿ ಹಾದುಹೋಗುವಂತೆ ಏರ್ಪಡಿಸುವರು. ಹೋಗುವ ಗಾಳಿಯು ತನ್ನ ಶಾಖವನ್ನು ಬರುವ ಗಾಳಿಗೆ ದಾನ ಮಾಡಿ ಹೋಗುವುದು. ಈ ಕ್ರಮವನ್ನು ಅನುಸರಿಸಿ ೧೯೭೭ರಲ್ಲಿ ಕೆನಡಾದ ರೆಜೈನಾ ಪಟ್ಟಣದಲ್ಲಿ ಒಂದು ಮನೆಯನ್ನು ಕಟ್ಟಿದರು. ಅಂತಹ ಚಳಿಯ ಊರಿನಲ್ಲಿಯೂ ಅದಕ್ಕೆ ಕುಲುಮೆಯನ್ನೇ ಇಡಲಿಲ್ಲ. ೧೯೯೧ರಲ್ಲಿ ಜರ್ಮನಿಯ ಡಾರ್ಮ್‌ಷ್ಟಾಟ್ ಎಂಬಲ್ಲಿಯೂ ಇದೇ ತತ್ತ್ವದ ಮನೆಗಳಾದವು.

"ಹಾಗಾದರೆ ನಿಮ್ಮ ಕೆಲಸ ಸುಲಭವಾಯಿತಲ್ಲ?" ಎಂದೆನು. ಅವನು ತಲೆಯಾಡಿಸಿದನು. ವಾಸದ ಮನೆಯ ಮಾತು ಬೇರೆ, ಸಂಶೋಧನಾ ಮಂದಿರದ ಮಾತು ಬೇರೆಯಂತೆ. ರಸಾಯನಶಾಲೆಯಲ್ಲಿ ವಿಷದ ಹೊಗೆಯನ್ನು ಎಳೆದು ಹೊರಗೆ ಹಾಕುವ ಗೂಡುಗಳಿರುವುವು. ಅವು ಹೊಗೆಯೊಡನೆ ಕಾಯಿಸಿದ ಗಾಳಿಯನ್ನೂ ಎಳೆದು ಆಕಾಶಕ್ಕೆ ಸುರಿಯುತ್ತವೆ. ಇಂತಹ ಒಂದೇ ಗೂಡು ಹಲವು ಮನೆಗಳಿಗೆ ಸಾಲುವ ಶಕ್ತಿಯನ್ನು ನುಂಗಬಲ್ಲುದು. ಅಮೆರಿಕದ ಕೊಲೊರಾಡೊ ಸಂಸ್ಥಾನದ ಗೋಲ್ಡನ್ ಪಟ್ಟಣದಲ್ಲಿ, ಶಕ್ತಿಸಂಶೋಧನೆಯ ಸರಕಾರಿ ಸಂಸ್ಥೆಯೊಂದು ೨೦೧೦ರಲ್ಲಿ ಇಂತಹ ಸೊನ್ನೆ ಲೆಕ್ಕದ ದೊಡ್ಡ ಕಟ್ಟಡವನ್ನು ತೆರೆಯಿತು. ತೂತುಗಳುಳ್ಳ ಲೋಹದ ಹೊದಿಕೆಯನ್ನು ಅದರ ದಕ್ಷಿಣದ ಗೋಡೆಗಳಿಗೆ ಹೊದಿಸಿರುವರು; ಬಿಸಿಲಿಗೆ ಕಾದ ಆ ಹೊದಿಕೆಯ ಮೂಲಕ ಗಾಳಿಯು ಬೆಚ್ಚಗಾಗಿ ಒಳಗೆ ಬರುವುದು. ನೆಲದಡಿಯ ಕಾಂಕ್ರೀಟಿನ ಚಕ್ರವ್ಯೂಹವು ಶಾಖವನ್ನು ಕೂಡಿಡುವುದು. ಆದರೆ ಅಲ್ಲಿರುವುದು ಬಹುಮಟ್ಟಿಗೆ ಓದಿ ಬರೆಯುವ ಕೋಣೆಗಳು. "ಆದುದರಿಂದ ಹೊಗೆಗೂಡುಗಳ ಕೋಣೆಗಳನ್ನೆಲ್ಲ ಒಂದೇ ಕಡೆಗೆ ಸೇರಿಸಿ, ಉಳಿದ ಕಟ್ಟಡವನ್ನು ಅವುಗಳಿಂದ ಬೇರ್ಪಡಿಸುವುದೇ ನಮ್ಮ ನಕ್ಷೆಯ ಮುಖ್ಯ ಯುಕ್ತಿ, ಮಾವ" ಎಂದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಸಂಜೆ ಅದು ನಮ್ಮ ಉಪಯೋಗಕ್ಕೆ ಬಂದಿತು.

ಅಷ್ಟರಲ್ಲಿ ನೇತ್ರಾವತಿಯ ದಡವು ಬಂದಿತು. ಜೆಪ್ಪುವಿನ ಈ ಹೊಳೆಯಂಚಿನಲ್ಲಿಯೇ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ತಮ್ಮ ಮೊದಲನೆಯ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅದಕ್ಕೆ ಕಾರಣನಾದವನು ಗೇಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಜ್ಞನು. ಅವನು ಇಲ್ಲಿಗೆ ಬಂದುದು ಮಿಶನ್ನಿನ ಮುದ್ರಣಾಲಯದ ಕೆಲಸಕ್ಕೆ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಹಂಚನ್ನು ೧೮೪೧ರಲ್ಲಿಯೇ ಆಲ್ಸೇಸ್ ಪ್ರಾಂತದ ಜಿಲಾರ್ಡೊನಿ ಸಹೋದರರು ಮಾಡಿದ್ದರು. ಅದೇ ಬಗೆಯ ಹಂಚು ನಮ್ಮ ಹೊಳೆಯ ಜೇಡಿಯಲ್ಲಿ ಮೈತಾಳಿ ಮಂಗಳೂರು ಹಂಚೆಂದು ಹೆಸರಾಯಿತು. ಅದಕ್ಕೆ ಮೊದಲು ಇಲ್ಲಿ ಬಡವರ ಮನೆಗೆ ಮುಳಿಹುಲ್ಲು, ಉಳ್ಳವರ ಮನೆಗೆ ಕುಂಬಾರನ ನಾಡಹಂಚು. ಬಳಿಕ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲಿಯೂ ಮಿಶನ್ನಿನ ಕಾರ್ಖಾನೆಗಳಾದವು. ನಾಡವರೂ ತಮ್ಮವನ್ನು ಕಟ್ಟಿದರು. ಹಡಗುಗಳು ಹಂಚನ್ನು ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳಿಗೆ ಒಯ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ಮಿಶನ್ನಿನ ಉದ್ಯಮಗಳನ್ನು ಶತ್ರುಗಳ ಸೊತ್ತೆಂದು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಈಚೆಗೆ ಕಾಂಕ್ರೀಟಿನ ಪೈಪೋಟಿ, ಜೇಡಿಯ ಅಭಾವ, ಸೌದೆಯ ಬೆಲೆ ಇವುಗಳಿಂದ ಹೊಳೆಯ ದಡದ ಎಷ್ಟೋ ಗೂಡುಗಳ ಬೆಂಕಿ ಆರಿಹೋಗಿದೆ.

ದಾರಿಯ ಬದಿಯಲ್ಲಿ ಬಿದ್ದಿದ್ದ ಒಂದು ಹಳೆಯ ಹಂಚನ್ನು ಅಳಿಯನು ಎತ್ತಿಕೊಂಡು ಬೆನ್ನು ತಿರುವಿ ನೋಡಿದನು. ಬಾಸೆಲ್ ಮಿಶನ್ನಿನ ಅಚ್ಚೂ ೧೮೬೫ ಎಂಬ ಅಂಕೆಯೂ ಇದ್ದುವು. "ಇಷ್ಟು ಹಳೆಯದೇ?" ಎಂದು ಬೆರಗಾದನು. ಅದು ಕಾರ್ಖಾನೆಯು ಹುಟ್ಟಿದ ವರ್ಷವೆಂದೂ, ಹಂಚು ಬೆಂದ ವರ್ಷವಲ್ಲವೆಂದೂ ನಾನು ತಿಳಿಸಿದೆನು. ನನಗೂ ಒಂದು ವಿಷಯದಲ್ಲಿ ಗುರುವಾಗುವ ಸಂದರ್ಭ ಸಿಕ್ಕಿತಲ್ಲಾ ಎಂದು ಸಂತೋಷವಾಯಿತು!

ಬಳಿಕ ಅವನು ಆ ಹಂಚಿನ ಗುಣವನ್ನು ನನಗೆ ಕಲಿಸಿದನು. ಹಂಚುಗಳ ನಡುವೆ ಗಾರೆಯಿಲ್ಲ. ಮಳೆಯ ನೀರು ಒಳಗಿಳಿಯದು, ಆದರೆ ಒಳಗಿನ ಬಿಸಿಗಾಳಿಯು ಸಂದುಗಳಿಂದ ಮೇಲೇರಿ ಹೋಗುವುದು. ಹಂಚು ತೆಳುವಾದುದರಿಂದ ಹೊತ್ತು ಮುಳುಗಿದ ಸ್ವಲ್ಪದರಲ್ಲಿಯೇ ತಣಿಯುವುದು. ಕಾಂಕ್ರೀಟಿನ ತಾರಸಿಯು ಹಗಲೆಲ್ಲ ಬಿಸಿಲನ್ನು ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಕೆಳಗೆ ಕಾರುವುದು. ಬಯಲುಸೀಮೆಯಲ್ಲಿ ರಾತ್ರಿಯು ಚೆನ್ನಾಗಿ ತಂಪಾಗುವುದರಿಂದ ದಪ್ಪ ಗೋಡೆಗಳು ಆ ತಂಪನ್ನು ಹಗಲಿಗಾಗಿ ಕೂಡಿಡಬಲ್ಲುವು. ನಮ್ಮ ಕರಾವಳಿಯಲ್ಲಿ ಹಗಲಿರುಳುಗಳ ಅಂತರವು ಸಣ್ಣದು, ಗಾಳಿಯಲ್ಲಿ ನೀರಿನ ಅಂಶವು ಹೆಚ್ಚು. ಇಲ್ಲಿ ಮೈಯ ಬೆವರನ್ನು ಆರಿಸುವ ಗಾಳಿಯೇ ಔಷಧ, ನೆರಳೇ ಪಥ್ಯ.

ಹೊಯಿಗೆ ಬಜಾರಿನ ದಾರಿಯಾಗಿ ಹಂಪನಕಟ್ಟೆಗೆ ಬಂದೆವು. ೧೮೬೮ರಲ್ಲಿ ಆರಂಭವಾದ ಸರಕಾರಿ ಕಾಲೇಜು, ಈಗಿನ ವಿಶ್ವವಿದ್ಯಾನಿಲಯ ಕಾಲೇಜು, ಅಲ್ಲಿದೆ. ಗುರುದೇವ ರವೀಂದ್ರರು ೧೯೨೨ರಲ್ಲಿ ಬಂದುದರ ನೆನಪಿಗಾಗಿ ಒಂದು ಸಭಾಂಗಣವು ಅವರ ಹೆಸರನ್ನು ಹೊತ್ತಿದೆ. ಅಲ್ಲಿಂದ ಬಾವುಟಗುಡ್ಡೆಯನ್ನು ಹತ್ತಿದರೆ ಇಟಲಿಯ ಜೆಸುಯಿಟ್ ಪಾದ್ರಿಗಳು ೧೮೮೦ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು. ೨೦೨೪ರಲ್ಲಿ ಅದು ವಿಶ್ವವಿದ್ಯಾನಿಲಯದ ಪದವಿಗೇರಿತು. ಆಂಟೋನಿಯೊ ಮೊಸ್ಕೆನಿಯ ಚಿತ್ರಗಳಿಂದ ಕೀರ್ತಿವೆತ್ತ ಅದರ ಪ್ರಾರ್ಥನಾಮಂದಿರವನ್ನು ನೋಡಲು ಜನರು ದೂರದಿಂದ ಬರುವರು. ನನ್ನ ಅಳಿಯನಾದರೋ ಚಿತ್ರಗಳಿಗಿಂತ ಹೆಚ್ಚಾಗಿ ಕಾಲೇಜಿನ ಪಡಸಾಲೆಗಳನ್ನು ನೋಡಿ ನಲಿದನು. ಇವನ್ನು ಕಟ್ಟಿದವರೂ ಶೀತದೇಶದಿಂದ ಬಂದವರೇ. ಆದರೆ ತಮ್ಮ ನಾಡಿನ ಮನೆಯನ್ನು ಇದ್ದಂತೆ ಹೊತ್ತುತಂದು ಇಲ್ಲಿ ಇಳಿಸಲಿಲ್ಲ. ಗೋಡೆಗೂ ಬಿಸಿಲಿಗೂ ನಡುವೆ ಪಡಸಾಲೆಯನ್ನಿಟ್ಟರು.

ಗುಡ್ಡೆಯ ಮೇಲಿನ ಹಳೆಯ ದೀಪಸ್ತಂಭದ ಬಳಿಯ ಉದ್ಯಾನದಲ್ಲಿ ಕುಳಿತೆವು. ಪಡುವಣ ದಿಕ್ಕಿನಿಂದ ಕಡಲಗಾಳಿಯು ಬೀಸತೊಡಗಿತ್ತು. ನನ್ನ ಬಾಲ್ಯದಲ್ಲಿ ಇಲ್ಲಿಂದ ನೋಡಿದರೆ ತೆಂಗಿನ ಹಸುರಿನ ನಡುವೆ ಕೆಂಪು ಮಾಡುಗಳೇ ಮಾಡುಗಳು. ಈಗ ಅವುಗಳ ಎಡೆಯಲ್ಲಿ ಗಾಜಿನ ಗೋಡೆಯ ಎತ್ತರದ ಕಟ್ಟಡಗಳು ಎದ್ದಿವೆ. ಅವುಗಳನ್ನು ತೋರಿಸಿ ಅಳಿಯನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿತು:

"ಮಾವ, ನಮ್ಮ ಕೆನಡಾದ ಮನೆ ಗಾಳಿಯನ್ನು ಹಿಡಿಯುವ ಮನೆ, ಅಜ್ಜಿಯ ಮನೆ ಗಾಳಿಯನ್ನು ಬಿಡುವ ಮನೆ. ಎರಡೂ ಸರಿಯೇ. ಆದರೆ ಆ ಕಟ್ಟಡಗಳು ಬಿಸಿಲನ್ನು ಒಳಗೆ ಬಿಡುತ್ತವೆ, ಗಾಳಿಯನ್ನು ಬಿಡುವುದಿಲ್ಲ. ಆಮೇಲೆ ಆ ತಪ್ಪನ್ನು ಯಂತ್ರದಿಂದ ತಿದ್ದಬೇಕಾಗುತ್ತದೆ."

"ಆದರೆ ನಿನ್ನ ಸಂಶೋಧನಾ ಮಂದಿರವನ್ನು ಈ ಗುಡ್ಡೆಯ ಮೇಲೆ ಕಟ್ಟಬೇಕಾದರೆ?" ಎಂದು ಕೇಳಿದೆನು. ಸೂಕ್ಷ್ಮ ಯಂತ್ರಗಳು ನಮ್ಮ ಮಳೆಗಾಲದ ತೇವವನ್ನು ಸಹಿಸಲಾರವಷ್ಟೆ? ಅವನು ನೆಲದಲ್ಲಿ ಕಡ್ಡಿಯಿಂದ ಗೆರೆಯೆಳೆದು ತೋರಿಸಿದನು. ನಡುವೆ ಯಂತ್ರಗಳ ಕೋಣೆ, ಹಿಮದ ನಾಡಿನಂತೆ ಬಿಗಿಯಾಗಿ ಮುಚ್ಚಿದ್ದು, ಚಿಕ್ಕದು. ಸುತ್ತಲೂ ಓದುವ ಕೋಣೆ, ಮೆಟ್ಟಿಲು, ಪಡಸಾಲೆಗಳು, ಮಂಗಳೂರಿನಂತೆ ಗಾಳಿಗೆ ತೆರೆದಿರುವಂತಹವು. ಬೆಂಗಳೂರಿನ ದೊಮ್ಮಲೂರಿನಲ್ಲಿ ಶಕ್ತಿಸಂಶೋಧನೆಯ ಟೆರಿ ಸಂಸ್ಥೆಗೆ ಶಿಲ್ಪಿ ಸಂಜಯ ಮೋಹೆಯವರು ರಚಿಸಿದ ಕಟ್ಟಡವನ್ನು ಅವನು ನೋಡಿ ಬಂದಿದ್ದನು. ದಕ್ಷಿಣದಲ್ಲಿ ನಾರುವ ಚರಂಡಿಯಿದ್ದುದರಿಂದ ಆ ಕಟ್ಟಡವು ಅತ್ತ ಬೆನ್ನು ಮಾಡಿ ಉತ್ತರಕ್ಕೆ ತೆರೆದುಕೊಂಡಿದೆ. ದಕ್ಷಿಣದ ಕಪ್ಪು ಕಲ್ಲಿನ ಗೋಡೆಯು ಬಿಸಿಲಿಗೆ ಕಾದು, ಅದರ ಬಳಿಯ ಗಾಳಿಯು ಮೇಲೇರುವಾಗ ಉತ್ತರದ ತಂಗಾಳಿಯನ್ನು ಕೋಣೆಗಳೊಳಗೆ ಸೆಳೆಯುವುದು. ಸ್ಥಳವನ್ನು ಮೊದಲು ಕೇಳಿ ಆಮೇಲೆ ಗೆರೆಯೆಳೆಯಬೇಕೆಂಬುದಕ್ಕೆ ಇದು ನಿದರ್ಶನವೆಂದನು.

ಸಂಜೆ ಮನೆ ಸೇರಿದಾಗ ತಾಯಿಯವರು ಚಾವಡಿಯಲ್ಲಿ ಬೀಸಣಿಗೆ ಹಿಡಿದು ಕುಳಿತಿದ್ದರು. ಮಾಡನ್ನು ಕಳಚುವ ಸುದ್ದಿ ಅವರ ಕಿವಿಗೆ ಮೊದಲೇ ಬಿದ್ದಿತ್ತು. "ನನ್ನೊಬ್ಬಳಿಗಾಗಿ ಅದೆಲ್ಲ ಬೇಡ ಮಗಾ. ಮಾಡು ಹೋದರೆ ಮಳೆಯ ಸದ್ದು ಕೇಳುವುದೆಲ್ಲಿಂದ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಸದ್ದಿನ ಮೋಹದಿಂದ ಅವರ ಸೆಕೆಯು ಕಡಿಮೆಯಾಗದೆಂಬುದೂ ನಿಜ. ಗಾಳಿಯೇ ನಿಂತುಹೋದ ಮೇ ತಿಂಗಳ ರಾತ್ರಿಗಳಲ್ಲಿ ಹಂಚಿನ ಮಾಡೂ ಸೋಲುವುದು.

ಆಗ ಅಳಿಯನ ಗುಡ್ಡೆಯ ನಕ್ಷೆಯು ನಮ್ಮ ನೆರವಿಗೆ ಬಂದಿತು. ಮನೆಯೆಲ್ಲ ಗಾಳಿಯನ್ನು ಬಿಡುವ ಮನೆಯಾಗಿಯೇ ಇರಲಿ. ಅಜ್ಜಿಯ ಚಿಕ್ಕ ಕೋಣೆಯೊಂದು ಮಾತ್ರ ಹಿಡಿಯುವ ಕೋಣೆಯಾಗಲಿ. ಅದರ ಮುಚ್ಚಿಗೆಯ ಮೇಲೆ ಶಾಖ ತಡೆಯುವ ಹೊದಿಕೆ, ಬಾಗಿಲು ಕಿಟಕಿಗಳ ಸಂದಿಗೆ ಪಟ್ಟಿ, ಒಂದು ಸಣ್ಣ ಏಸಿ ಯಂತ್ರ, ಹೊಸ ಗಾಳಿಗೆ ಒಂದು ಪುಟ್ಟ ಪಂಖ. ಕೋಣೆಯು ಬಿಗಿಯಾಗಿದ್ದರೆ ರಾತ್ರಿಯೊಂದಕ್ಕೆ ನಾಲ್ಕೈದು ಯುನಿಟ್ ವಿದ್ಯುತ್ತು ಸಾಕು. ಮಾಡಿನ ದಕ್ಷಿಣದ ಇಳಿಜಾರಿನಲ್ಲಿ ಮೂರು ಕಿಲೋವಾಟಿನ ಸೌರಫಲಕಗಳನ್ನು ಕೂರಿಸಿದರೆ ಒಳ್ಳೆಯ ಬಿಸಿಲಿನ ದಿನ ಸುಮಾರು ೧೨ ಯುನಿಟ್ ಹುಟ್ಟುವುದು. ಹೆಚ್ಚಾದುದು ಮೆಸ್ಕಾಂ ತಂತಿಗೆ ಹೋಗಿ ನಮ್ಮ ಹೆಸರಿಗೆ ಜಮೆಯಾಗುವುದು. "ಆಟಿಯಲ್ಲಿ ಬಿಸಿಲೇ ಇರುವುದಿಲ್ಲವಲ್ಲ?" ಎಂದು ತಮ್ಮನು ಆಕ್ಷೇಪಿಸಿದನು. ಅಳಿಯನು ನಕ್ಕು, "ಮಾವ, ನೀವು ಭಾಗ್ಯವಂತರು. ನಮ್ಮಲ್ಲಿ ಸೂರ್ಯನು ಮರೆಯಾಗುವ ಕಾಲದಲ್ಲಿಯೇ ಚಳಿ ಹೆಚ್ಚುತ್ತದೆ. ಇಲ್ಲಿ ಸೂರ್ಯನು ಮರೆಯಾದರೆ ಸೆಕೆಯೂ ಮರೆಯಾಗುತ್ತದೆ" ಎಂದನು.

ಇನ್ನೊಂದು ಮಾತನ್ನೂ ಅವನು ಮುಚ್ಚಿಡಲಿಲ್ಲ. ಈ ಹಂಚುಗಳೇನೂ ನಿರ್ದೋಷಿಗಳಲ್ಲ; ಇವುಗಳನ್ನು ಬೇಯಿಸಲು ಒಂದು ಕಾಲದಲ್ಲಿ ಎಷ್ಟೋ ಸೌದೆ ಉರಿದಿದೆ. ಆ ಬೆಂಕಿಯ ಬೆಲೆಯನ್ನು ಹಿರಿಯರು ತೆತ್ತಾಗಿದೆ. ಗಟ್ಟಿಯಾದ ಹಂಚನ್ನು ಎಸೆದು ಸಿಮೆಂಟು ಕಬ್ಬಿಣಗಳನ್ನು ತಂದರೆ ಎರಡನೆಯ ಸಲ ತೆರಬೇಕು.

ಮಳೆಗಾಲಕ್ಕೆ ಮೊದಲೇ ಮರಗೆಲಸದವರು ಬಂದರು. ಹಂಚುಗಳನ್ನು ಒಂದೊಂದಾಗಿ ಇಳಿಸಿ, ಗೆದ್ದಲು ತಿಂದ ಪಕ್ಕಾಸು ರೀಪುಗಳನ್ನು ಬದಲಿಸಿ, ಒಡೆದವನ್ನು ಬಿಟ್ಟು ಉಳಿದವನ್ನೇ ಮತ್ತೆ ಹೊದಿಸಿದರು. ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚುಗಳನ್ನು ಹಾಕಿಸಿದೆವು. ಈಗ ಅಲ್ಲಿ ಹಗಲು ದೀಪ ಬೇಕಾಗದು. ಸೌರಫಲಕಗಳು ಏರಿವೆ. ಅವುಗಳ ವರ್ಷದ ಲೆಕ್ಕವು ಇನ್ನೂ ಮುಗಿದಿಲ್ಲ. ಸೊನ್ನೆಗೆ ಬರುವುದೋ, ಸ್ವಲ್ಪ ಸಾಲ ಉಳಿಯುವುದೋ ಕಾದು ನೋಡಬೇಕು. ಅಳಿಯನು ತನ್ನ ಹಿಮದ ನಾಡಿಗೆ ಮರಳಿದನು.

ವಾಚಕರೇ, ಮನೆ ಕಟ್ಟುವ ಅಥವಾ ಕೆಡಹುವ ಯೋಚನೆ ನಿಮ್ಮಲ್ಲಿಯೂ ಯಾರಿಗಾದರೂ ಇರಬಹುದು. ಅಂತಹವರು ಪರನಾಡಿನ ಚಿತ್ರಪಟವನ್ನು ಬಿಡಿಸಿ ನೋಡುವುದಕ್ಕೆ ಮೊದಲು ತಮ್ಮ ಊರಿನ ಹಳೆಯ ಮನೆಗಳ ನಡುವೆ ಒಂದು ದಿನ ತಿರುಗಿ, ಗಾಳಿ ಯಾವ ಕಡೆಯಿಂದ ಬರುವುದು, ಬಿಸಿಲು ಯಾವ ಗೋಡೆಗೆ ಬಡಿಯುವುದು ಎಂಬುದನ್ನು ವಿಚಾರಿಸಬೇಕೆಂದು ನನ್ನ ಪ್ರಾರ್ಥನೆ. ಕಳೆದ ಆಟಿಯಲ್ಲಿ ಒಂದು ರಾತ್ರಿ ಮಳೆಯು ಧೋ ಎಂದು ಸುರಿಯತೊಡಗಿದಾಗ ನಾನು ಎದ್ದು ತಾಯಿಯವರ ಕೋಣೆಗೆ ಹೋದೆನು. ಯಂತ್ರವನ್ನು ನಿಲ್ಲಿಸಿದ್ದರು. ಬಾಗಿಲನ್ನು ಓರೆ ಮಾಡಿಟ್ಟು, ಹಂಚಿನ ಮೇಲಿನ ಮಳೆಯ ಸದ್ದನ್ನು ಕೇಳುತ್ತ ಹಾಗೆಯೇ ನಿದ್ರೆ ಹೋಗಿದ್ದರು.