ಜಾಬ್ ವರ್ಕು

ಶಿರಸಿಯಲ್ಲಿ ನನ್ನ ದೊಡ್ಡಪ್ಪನದೊಂದು ಪ್ರೆಸ್ಸಿತ್ತು. ಬಾಗಿಲ ಬಳಿ ಒಂದು ಮೇಜು, ಅದರ ಹಿಂದೆ ಅಚ್ಚಿನ ಮೊಳೆಗಳ ಕೇಸುಗಳು, ಆಚೆಗೆ ಕಾಲಲ್ಲಿ ತುಳಿಯುವ ಟ್ರೆಡಲ್ ಮಶೀನು, ಕೊನೆಯಲ್ಲಿ ಕಾಗದ ಕತ್ತರಿಸುವ ಯಂತ್ರ. ಆ ಯಂತ್ರದ ಹತ್ತಿರ ಮಕ್ಕಳು ಸುಳಿಯುವಂತಿರಲಿಲ್ಲ. "ಏನೇನು ಅಚ್ಚು ಹಾಕ್ತ್ರಿ?" ಎಂದು ಯಾರಾದರೂ ಕೇಳಿದರೆ ದೊಡ್ಡಪ್ಪ "ಎಲ್ಲಾ ಜಾಬ್ ವರ್ಕು" ಎನ್ನುತ್ತಿದ್ದ. ಹಾಗೆನ್ನುವಾಗ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಪುಸ್ತಕ ಹಾಕುವ ಪ್ರೆಸ್ಸು ದೊಡ್ಡದು. ಲಗ್ನಪತ್ರಿಕೆ, ಅಡಿಕೆ ಮಂಡಿಯ ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು ಹಾಕುವುದು ಸಣ್ಣದು ಎಂಬುದು ಅವನ ಲೆಕ್ಕ. ಗೋಡೆಯ ಮೇಲೆ ಗಣಪತಿಯ ಪಕ್ಕದಲ್ಲಿ ಗಡ್ಡದ ಗುಟೆನ್‌ಬರ್ಗನ ಪಟವಿತ್ತು. ಆಯುಧಪೂಜೆಯ ದಿನ ಇಬ್ಬರಿಗೂ ಹೂವು.

ಆ ಗಡ್ಡದವನ ಕಥೆಯನ್ನು ಪೂರ್ತಿ ತಿಳಿದಿದ್ದರೆ ದೊಡ್ಡಪ್ಪ ದನಿ ಇಳಿಸಬೇಕಾಗಿರಲಿಲ್ಲ.

ಗುಟೆನ್‌ಬರ್ಗ್ ಎಂದಕೂಡಲೇ ಬೈಬಲ್ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಪುಟಕ್ಕೆ 42 ಸಾಲು, ಅಂದಾಜು 180 ಪ್ರತಿ, 1455ರ ಹೊತ್ತಿಗೆ ಮುಗಿದ ಕೆಲಸ. ಸರಿಯೇ. ಆದರೆ ಅವನು ಕೆಲಸ ಮಾಡಿದ ಜರ್ಮನಿಯ ಮೈಂಟ್ಸ್ ಊರಿನ ಅಚ್ಚುಕೂಟಗಳಿಂದ ಹೊರಬಿದ್ದು ಇವತ್ತಿಗೂ ಉಳಿದಿರುವ, ತಾರೀಕು ಖಚಿತವಾಗಿ ಗೊತ್ತಿರುವ ಕಾಗದಗಳಲ್ಲಿ ಎಲ್ಲಕ್ಕಿಂತ ಹಳೆಯದು ಬೈಬಲ್ಲಲ್ಲ, 1454ರ ಅಕ್ಟೋಬರಿನ ಒಂದು ಪಾಪಕ್ಷಮೆಯ ಚೀಟಿ. ತುರ್ಕರಿಂದ ಸೈಪ್ರಸ್ ದ್ವೀಪವನ್ನು ಉಳಿಸಲು ಹಣ ಕೊಟ್ಟವರಿಗೆ ಚರ್ಚು ಕೊಡುತ್ತಿದ್ದ ಚೀಟಿ ಅದು. ಒಕ್ಕಣೆಯೆಲ್ಲ ಮೊದಲೇ ಅಚ್ಚಾಗಿರುತ್ತಿತ್ತು. ಕೊಟ್ಟವರ ಹೆಸರು, ಊರು, ತಾರೀಕಿಗೆ ಮಾತ್ರ ಜಾಗ ಖಾಲಿ. ಅದನ್ನು ಶಾಯಿಯಲ್ಲಿ ತುಂಬಿ ಕೊಟ್ಟರಾಯಿತು. ನಮ್ಮ ಮಂಡಿಯ ರಸೀದಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಅಡಿಕೆ, ಅಲ್ಲಿ ಪಾಪ.

ಅದೇ ವರ್ಷದ ಕೊನೆಗೆ ಅಲ್ಲಿಂದ ಒಂದು ಕ್ಯಾಲೆಂಡರೂ ಬಂತು. ಹಿಂದಿನ ವರ್ಷವಷ್ಟೇ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗಿತ್ತು. ತಿಂಗಳಿಗೊಂದು ಪದ್ಯ, ಪದ್ಯದಲ್ಲಿ ತುರ್ಕರ ಮೇಲೆ ಏಳಿರೆಂದು ರಾಜರಿಗೆ ಕರೆ. ಚುನಾವಣೆಯ ವರ್ಷ ನಮ್ಮ ಮನೆಮನೆಗೆ ಬರುವ ಕ್ಯಾಲೆಂಡರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಶಾಲೆಯ ಹುಡುಗರ ಲ್ಯಾಟಿನ್ ವ್ಯಾಕರಣದ ಪುಟ್ಟ ಪುಸ್ತಕ. ಅದನ್ನಂತೂ ಮತ್ತೆ ಮತ್ತೆ ಅಚ್ಚು ಹಾಕಿದ್ದರು. ರಸೀದಿ, ಕ್ಯಾಲೆಂಡರು, ಶಾಲೆಪುಸ್ತಕ. ಬೈಬಲ್ಲಿಗೆ ವರ್ಷಗಟ್ಟಲೆ ದುಡಿಯಬೇಕು, ಕಾಗದ ಮತ್ತು ಚರ್ಮದ ಹಾಳೆಗೆ ಸಾಲ ಸುರಿಯಬೇಕು. ಇವೋ ಬೆಳಿಗ್ಗೆ ಜೋಡಿಸಿದರೆ ಸಂಜೆಗೆ ಕಾಸು. ಯಾವ ಸಣ್ಣ ಊರಿನ ಪ್ರೆಸ್ಸಿನವನಿಗೂ ಗೊತ್ತಿರುವ ಅರ್ಥಶಾಸ್ತ್ರ.

ಸಾಲದ ಕಥೆಯಂತೂ ಇನ್ನೂ ನಮ್ಮದೇ. ಯೊಹಾನ್ ಫುಸ್ಟ್ ಎಂಬ ಸಾಹುಕಾರ ಎರಡು ಕಂತಿನಲ್ಲಿ 800 ಗಿಲ್ಡರ್‌ನಂತೆ ಹಣ ಕೊಟ್ಟಿದ್ದ. 1455ರಲ್ಲಿ, ಬೈಬಲ್ ಮುಗಿಯುತ್ತಿದ್ದ ಹೊತ್ತಿಗೇ, ಬಡ್ಡಿ ಸೇರಿಸಿ 2,026 ಗಿಲ್ಡರ್ ಎಂದು ದಾವೆ ಹೂಡಿದ. ಫುಸ್ಟನ ಪರ ಸಾಕ್ಷಿ ನಿಂತವನು ಗುಟೆನ್‌ಬರ್ಗನ ಕೈಕೆಳಗೇ ಕೆಲಸ ಮಾಡಿದ್ದ ಪೇಟರ್ ಶೋಫರ್. ಮುಂದೆ ಆತ ಫುಸ್ಟನ ಅಳಿಯನೂ ಆದ. ಮಾವ ಅಳಿಯ ಸೇರಿ 1457ರಲ್ಲಿ ಒಂದು ಕೀರ್ತನೆಗಳ ಪುಸ್ತಕ ಹಾಕಿ ಕೊನೆಯಲ್ಲಿ ತಮ್ಮ ಹೆಸರು, ತಾರೀಕು ಎರಡನ್ನೂ ಅಚ್ಚು ಮಾಡಿಕೊಂಡರು. ಗುಟೆನ್‌ಬರ್ಗನ ಹೆಸರು ಅವನೇ ಹಾಕಿದ ಯಾವ ಪುಸ್ತಕದಲ್ಲೂ ಇಲ್ಲ. ಕಾಗದದಂಗಡಿಯ ಬಾಕಿ ಏರಿ, ಒಳ್ಳೆಯ ಕಂಪೋಸಿಟರು ಪಕ್ಕದ ಬೀದಿಯ ಪ್ರೆಸ್ಸು ಸೇರಿದಾಗ ದೊಡ್ಡಪ್ಪ ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ಪಟದಲ್ಲಿದ್ದವನು ಅವನ ಸಂಕಟವನ್ನು ಬಲ್ಲವನೇ ಆಗಿದ್ದ.

ಮೊಳೆ ಎಂಬ ಉಪಾಯವೇನೂ ಮೈಂಟ್ಸಿನಲ್ಲೇ ಮೊದಲು ಹುಟ್ಟಿದ್ದಲ್ಲ. ಚೀನಾದ ಬಿ ಶೆಂಗ್ 1040ರ ಸುಮಾರಿಗೇ ಸುಟ್ಟ ಮಣ್ಣಿನಲ್ಲಿ ಬಿಡಿ ಅಕ್ಷರ ಮಾಡಿದ್ದ. ಕೊರಿಯಾದಲ್ಲಿ ಲೋಹದ ಮೊಳೆಯಿಂದ 1377ರಲ್ಲಿ ಅಚ್ಚಾದ ಬೌದ್ಧ ಪುಸ್ತಕವೊಂದು ಈಗಲೂ ಇದೆ. ಅಕ್ಕಸಾಲಿಗರ ಕಸುಬು ಬಲ್ಲ ಗುಟೆನ್‌ಬರ್ಗ್ ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ಯುವುದಕ್ಕೆ, ಎಣ್ಣೆಯ ಶಾಯಿಗೆ, ಒತ್ತುವ ಯಂತ್ರಕ್ಕೆ ಒಂದು ಗಂಟು ಹಾಕಿದ. ಬೈಬಲ್ಲಿಗಾಗಿ ಅವನು ಸುಮಾರು 290 ಬಗೆಯ ಮೊಳೆ ಮಾಡಿಸಿದ್ದ. ಅಷ್ಟು ಕಡಿಮೆ ಅಕ್ಷರದ ಲ್ಯಾಟಿನ್ನಿಗೆ ಅಷ್ಟೇಕೆ? ಕೈಬರಹದ ಕೂಡಕ್ಷರ, ಸಂಕ್ಷೇಪಗಳನ್ನೆಲ್ಲ ಹಾಗೆಹಾಗೇ ಇಳಿಸುವ ಹಟ.

ಈ ಹಟದ ಬೆಲೆ ಕನ್ನಡದ ಕಂಪೋಸಿಟರಿಗೆ ಚೆನ್ನಾಗಿ ಗೊತ್ತು. ಗುಣಿತದ್ದೊಂದು ಸಾಲು, ಒತ್ತಿನದ್ದೊಂದು ಸಾಲು, ಕೇಸಿನಲ್ಲಿ ನೂರಾರು ಮನೆ. ನಮ್ಮ ಪ್ರೆಸ್ಸಿನ ಕಂಪೋಸಿಟರು ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದು, ಕಣ್ಣನ್ನು ಹಸ್ತಪ್ರತಿಯ ಮೇಲಿಟ್ಟು, ಬಲಗೈಯನ್ನು ಅದರಷ್ಟಕ್ಕೆ ಬಿಟ್ಟುಬಿಡುತ್ತಿದ್ದರು. ಕೈ ತಾನಾಗಿ ಹೋಗಿ ಮೊಳೆ ಹೆಕ್ಕುತ್ತಿತ್ತು. ಜೋಡಿಸಿದ ಸಾಲನ್ನು ತಲೆಕೆಳಗಾಗಿಯೇ ಸರಸರ ಓದುತ್ತಿದ್ದರು. ಖಾಲಿ ಜಾಗವೂ ಖಾಲಿಯಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಎರಡು ಪದಗಳ ನಡುವಿನ ತೆರಪಿಗೂ ಒಂದು ಸೀಸದ ತುಂಡು ಇಡಬೇಕು, ಮೊಳೆಗಿಂತ ಗಿಡ್ಡದ್ದು, ಶಾಯಿ ತಾಗದ್ದು. ವೈಶಾಖದಲ್ಲಿ ಮದುವೆಗಳು ಮುಗಿಬಿದ್ದಾಗ 'ಶ್ರೀ' ಮತ್ತು 'ಚಿ||' ಮುಗಿದುಹೋಗುತ್ತಿದ್ದವು. ಕಾಫಿಪುಡಿ ಕಡ ತರುವ ಹಾಗೆ ನಾನು ಪಕ್ಕದ ಬೀದಿಯ ಪ್ರೆಸ್ಸಿಗೆ ಹೋಗಿ ಅಂಗೈತುಂಬ 'ಶ್ರೀ' ತರುತ್ತಿದ್ದೆ. ಜಗಳವಾಡಿದ್ದ ಪ್ರೆಸ್ಸಾದರೂ 'ಶ್ರೀ'ಗೆ ಇಲ್ಲ ಎನ್ನುತ್ತಿರಲಿಲ್ಲ.

ಕನ್ನಡಕ್ಕೆ ಈ ಮೊಳೆ ಬಂದದ್ದು ಪಾದ್ರಿಗಳ ಜೋಳಿಗೆಯಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಸಿರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಶುರುಮಾಡಿದ್ದು ಕಲ್ಲಚ್ಚಿನಿಂದ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ. ಮರುವರ್ಷ ಅದು ಬಳ್ಳಾರಿಗೆ ಹೋಯಿತು. ಅದರಲ್ಲೇನಿತ್ತು? ಊರಿನ ವರ್ತಮಾನ, ಕಂಪನಿ ಸರ್ಕಾರದ ನಿರೂಪ, ಕಥೆ. ಮತಪ್ರಚಾರಕ್ಕೆ ಬಂದವರು ಪೇಟೆಯ ಸುದ್ದಿ ಹಾಕಬೇಕಾಯಿತು. ಅದೇ ಮೋಗ್ಲಿಂಗ್ ಮುಂದೆ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ತೆಗೆದ. ಯಾವ ಉದ್ದೇಶಕ್ಕೆ ತಂದರೂ ಯಂತ್ರ ಊರಿನ ಮಾತನ್ನು ಕೇಳಲೇಬೇಕು. ಪಾಪದ ಚೀಟಿ ಅಚ್ಚು ಹಾಕಿದ ಯಂತ್ರವೇ 1517ರ ನಂತರ ಆ ಚೀಟಿಯನ್ನು ಖಂಡಿಸಿದ ಲೂಥರನ ಮಾತನ್ನು ಜರ್ಮನಿಯ ತುಂಬ ಹಂಚಿತಲ್ಲ!

ನನ್ನ ಅಜ್ಜಿ ಲಕ್ಷ್ಮೀಶನ ಜೈಮಿನಿ ಭಾರತವನ್ನು ಅಚ್ಚಿನ ಪುಸ್ತಕದಲ್ಲಿ ಬೆರಳಿಟ್ಟು ಓದುತ್ತಿದ್ದಳು. ಮುಂಬಯಿಯಿಂದ ಅಪ್ಪ ಬರೆಯುತ್ತಿದ್ದ ಕಾಗದ ಮಾತ್ರ ಅವಳಿಗೆ ಬಾರದು. "ಇದೆಂತ ಅಕ್ಷರವಾ, ಕೋಳಿ ಕೆದರಿದ್ದು" ಎಂದು ಯಾರ ಕೈಗಾದರೂ ಕೊಡುವಳು. ಲಕ್ಷ್ಮೀಶನನ್ನು ಓದಬಲ್ಲವಳು ಮಗನನ್ನು ಓದಲಾರಳು. ಪದಪದದ ನಡುವೆ ಜಾಗ ಬಿಡದ ಓಲೆಗರಿಯ ಕಾಲದಲ್ಲಿ ಓದಬಲ್ಲವರೆಂದರೆ ಪಳಗಿದವರೇ. ಕಲಿಯುಗದ ಅಜ್ಜಿಗೆ ದಾರಿ ಮಾಡಿಕೊಟ್ಟಿದ್ದು ಆ ಗಿಡ್ಡ ಸೀಸದ ತುಂಡು.

ಆದರೂ ಅಚ್ಚು ಸಮಾಜವನ್ನು ಬದಲಿಸಿತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಅಜ್ಜಿಯ ಪುಸ್ತಕವೂ ಅಲ್ಲ, 1894ರಲ್ಲಿ ಮಂಗಳೂರಿನಲ್ಲಿ ಮೊಳೆಮೊಳೆ ಜೋಡಿಸಿ ಹಾಕಿದ ಕಿಟೆಲರ ಬೃಹತ್ ನಿಘಂಟೂ ಅಲ್ಲ. ನಂಬರು ಹೊತ್ತ ರಸೀದಿ. ಸಾಹುಕಾರನ ಕಿರ್ದಿಯಲ್ಲಿ ಏನು ಬರೆದಿದೆಯೆಂದು ಬೆಳೆಗಾರನಿಗೆ ತಿಳಿಯುವ ಬಗೆಯಿರಲಿಲ್ಲ. ರಸೀದಿ ಬಂದಮೇಲೆ ಅಡಿಪ್ರತಿ ಅಲ್ಲಿ, ಮೇಲ್ಪ್ರತಿ ಇವನ ಅಂಗಿಯ ಜೇಬಿನಲ್ಲಿ. ಓದಲು ಬಾರದಿದ್ದರೂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡವನು ಮುಂದಿನ ವರ್ಷ ಅದನ್ನು ಮೇಜಿನ ಮೇಲೆ ಹರವಿ ದನಿ ಎತ್ತಬಲ್ಲ. ಒಂದೊಂದು ಪುಸ್ತಕಕ್ಕೂ ನಂಬರು ಒತ್ತುವಾಗ ದೊಡ್ಡಪ್ಪ ತಾನೇ ಕೂರುತ್ತಿದ್ದ, ಒಂದು ನಂಬರು ಹಾರಿದರೂ ಆ ಕಟ್ಟು ವಾಪಸು ಬರುತ್ತಿತ್ತು.

ಇಂಥ ಕಾಗದಕ್ಕೆ ಆಯಸ್ಸು ಕಡಿಮೆ. ಗುಟೆನ್‌ಬರ್ಗನ ಬೈಬಲ್ಲುಗಳು ನಲವತ್ತಕ್ಕೂ ಹೆಚ್ಚು ಉಳಿದಿವೆ, ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ. ಆ ತುರ್ಕರ ಕ್ಯಾಲೆಂಡರು ಮ್ಯೂನಿಕ್ಕಿನಲ್ಲಿ ಒಂದೇ ಒಂದು. ಹುಡುಗರ ವ್ಯಾಕರಣ ಸಿಕ್ಕಿರುವುದು ಚೂರುಚೂರಾಗಿ, ಅದೂ ಬೇರೆ ಪುಸ್ತಕಗಳ ರಟ್ಟಿಗೆ ಬಲ ಬರಲೆಂದು ಒಳಗೆ ಅಂಟಿಸಿದ್ದ ರದ್ದಿಯಲ್ಲಿ. ದೊಡ್ಡಪ್ಪನ ಪ್ರೆಸ್ಸಿನಲ್ಲೂ ಬೈಂಡಿಂಗಿಗೆ ಕೆಟ್ಟ ಹಾಳೆಗಳೇ ಆಧಾರ. ಆಫ್‌ಸೆಟ್ಟು, ಡಿಟಿಪಿ ಬಂದು ಮೊಳೆಗಳೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ನನ್ನ ಬಳಿ ಉಳಿದದ್ದು ಅಲ್ಲಿ ಕಟ್ಟಿಸಿದ ಒಂದು ಲೆಕ್ಕದ ಪುಸ್ತಕ. ಮೊನ್ನೆ ಅದರ ರಟ್ಟು ಎದ್ದು ಬಂತು. ಒಳಗೆ ಅರ್ಧ ಹ್ಯಾಂಡ್‌ಬಿಲ್ಲು: ಮಾರಿಕಾಂಬಾ ಜಾತ್ರೆಗೆ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯದು. ನಾಟಕದ ಹೆಸರು ಹರಿದುಹೋಗಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಇಂದೇ ಕೊನೆಯ ಆಟ' ಎಂದಿದೆ. ಆ ಸಾಲು ನನಗೆ ಚೆನ್ನಾಗಿ ಗೊತ್ತು. ಕೆಲಸ ಮುಗಿದ ಮ್ಯಾಟರನ್ನೆಲ್ಲ ಬಿಚ್ಚಿ ಮೊಳೆಗಳನ್ನು ಮನೆಮನೆಗೆ ಹಾಕುವಾಗ ಕಂಪೋಸಿಟರು ಅದೊಂದನ್ನು ಬಿಚ್ಚುತ್ತಿರಲಿಲ್ಲ, ದಾರ ಸುತ್ತಿ ಕಿಟಕಿಯ ಮೇಲಿಡುತ್ತಿದ್ದರು. ಮುಂದಿನ ಶನಿವಾರ ಕಂಪನಿಯವರು ಮತ್ತೆ ಬರುತ್ತಿದ್ದರು.