ಓಡದ ಕಾರಿನ ಚಾಲಕ

ಓಡುವ ಕಾರಿಗೆ ಕಾಯಿದೆಯುಂಟೆಂಬುದು ಎಲ್ಲರಿಗೂ ತಿಳಿದ ಮಾತು. ಓಡದ ಕಾರಿಗೂ ಕಾಯಿದೆಯುಂಟೆಂದರೆ ಸ್ನೇಹಿತರು ನಗುತ್ತಾರೆ. ಬಿ.ಎ. ಓದುವವನಿಗೆ ಈ ಗೊಡವೆ ಏಕೆಂದು ಕೇಳುವವರೂ ಉಂಟು. ನಮ್ಮ ತಂದೆಯವರದು ಸಣ್ಣದೊಂದು ಗ್ಯಾರೇಜು. ಕೆಟ್ಟು ನಿಂತ ಗಾಡಿಗಳಿಂದಲೇ ನಮ್ಮ ಮನೆಯ ಒಲೆ ಉರಿಯುವುದರಿಂದ ಈ ಗೊಡವೆ ನನಗೆ ತಪ್ಪಿದ್ದಲ್ಲ.

ಕಳೆದ ವರ್ಷ ಊರಿನ ಹಿರಿಯರೊಬ್ಬರು ತಮ್ಮ ತಂದೆಯ ಕಾಲದ, 1968ರ ಅಂಬಾಸಡರ್ ಕಾರನ್ನು ಮೊದಲಿನಂತೆ ಮಾಡಿಕೊಡಬೇಕೆಂದು ಕೇಳಿದರು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳಿಗೆ 2021ರ ನಿಯಮಗಳು ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯ ಗೌರವವನ್ನು ಕೊಟ್ಟಿವೆ. ಅವರ ಆಸೆಯೂ ಅದೇ. ಆದರೆ ಕಾರು ಕೊಟ್ಟಿಗೆಯಿಂದ ತಾನಾಗಿ ಕದಲುವ ಸ್ಥಿತಿಯಲ್ಲಿರಲಿಲ್ಲ. ಮುಂದೆ ಜೀಪಿನಲ್ಲಿ ಅಪ್ಪ, ಹಿಂದೆ ಹಗ್ಗ ಕಟ್ಟಿದ ಕಾರಿನಲ್ಲಿ ಸ್ಟೇರಿಂಗ್ ಹಿಡಿಯಲು ಹದಿನೇಳು ವರ್ಷದ ನನ್ನ ತಮ್ಮ ಎಂದು ಏರ್ಪಾಡಾಯಿತು. ನಾನು ಅಡ್ಡಮಾತು ತೆಗೆದಾಗ, “ಎಂಜಿನ್ನೇ ತಿರುಗದ ಗಾಡಿಗೆ ಲೈಸೆನ್ಸು ಯಾಕೋ?” ಎಂದರು ಅಪ್ಪ.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ 1988ರ ಮೋಟಾರು ವಾಹನ ಕಾಯಿದೆಯ ಎರಡನೆಯ ಪ್ರಕರಣದಲ್ಲಿದೆ. ಇನ್ನೊಂದು ವಾಹನವು ಎಳೆದೊಯ್ಯುವ ವಾಹನದಲ್ಲಿ ಸ್ಟೇರಿಂಗ್ ಹಿಡಿದು ಕುಳಿತವನೂ ‘ಚಾಲಕ’ನೇ. ಹದಿನೆಂಟು ತುಂಬದವನು ರಸ್ತೆಯಲ್ಲಿ ಕಾರಿನ ಚಾಲಕನಾಗುವಂತಿಲ್ಲ. ಅಂಥವನಿಂದ ಅಪರಾಧ ನಡೆದರೆ, 2019ರ ತಿದ್ದುಪಡಿಯಂತೆ, ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಯೋಚಿಸಿದರೆ ಇದು ಕಾಗದದ ಕಟ್ಟುನಿಟ್ಟಷ್ಟೇ ಅಲ್ಲ. ಹಗ್ಗಕ್ಕೆ ಎಳೆಯುವುದು ಗೊತ್ತೇ ಹೊರತು ನಿಲ್ಲಿಸುವುದು ಗೊತ್ತಿಲ್ಲ. ಜೀಪು ನಿಂತಾಗ ಹಿಂದಿನ ಕಾರನ್ನು ನಿಲ್ಲಿಸಬೇಕಾದದ್ದು ಅದರೊಳಗೆ ಕುಳಿತವನ ಕಾಲು.

1989ರ ರಸ್ತೆ ನಿಯಮಗಳು ಇನ್ನೂ ವಿವರವಾಗಿ ಹೇಳಿದ್ದವು. ಕೆಟ್ಟ ವಾಹನವನ್ನು ಎಳೆಯುವುದು ಹತ್ತಿರದ ಗ್ಯಾರೇಜು ಅಥವಾ ಪೆಟ್ರೋಲ್ ಬಂಕಿನವರೆಗೆ ಮಾತ್ರ. ಎರಡು ವಾಹನಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಕೂಡದು. ವೇಗ ಗಂಟೆಗೆ 24 ಕಿಲೋಮೀಟರು ಮೀರಕೂಡದು. ಹಿಂಭಾಗದಲ್ಲಿ ಬಿಳಿಯ ಹಲಗೆಯ ಮೇಲೆ 75 ಮಿಲಿಮೀಟರು ಎತ್ತರದ ಕಪ್ಪು ಅಕ್ಷರಗಳಲ್ಲಿ ‘ಆನ್ ಟೋ’ ಎಂದಿರಬೇಕು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಾವಳಿ ಬಂದಿತಾದರೂ ಆ ವಿವೇಕವೇನೂ ಹಳತಾಗಿಲ್ಲ.

ಇಷ್ಟನ್ನೂ ಇಂಗ್ಲಿಷಿನಿಂದ ಮನೆಯ ಮಾತಿಗೆ ತಂದು ಹೇಳಿದೆ. ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ವಿಮೆಯ ಕಾಗದ ಸರಿಮಾಡಿಕೊಡುವಂತೆ ಮಾಲೀಕರಿಗೆ ಹೇಳಿಕಳುಹಿಸಿ, ಲೈಸೆನ್ಸಿದ್ದ ನೆರೆಮನೆಯ ಡ್ರೈವರನ್ನು ಕರೆಸಿದರು. ತಮ್ಮನ ಪಾಲಿಗೆ ಹಲಗೆ ಬರೆಯುವ ಕೆಲಸ ಬಂತು. ಅವನು ಅದನ್ನು ಸ್ಕೇಲಿಟ್ಟು ಅಳೆದು ಬರೆದ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪದವಿಯಿಂದ ಉದ್ಯೋಗ ಸಿಕ್ಕೀತೋ ಇಲ್ಲವೋ ಕಾಣೆ. ಆದರೆ ಕಾಯಿದೆಯ ಒಂದು ಸಾಲು ನಮ್ಮ ಅಂಗಳದವರೆಗೆ ಬಂದು ಒಬ್ಬ ಹುಡುಗನನ್ನು ಕಾಯಿತೆಂದರೆ, ಮೂರು ವರ್ಷದ ಫೀಜಿನಲ್ಲಿ ಒಂದಿಷ್ಟಾದರೂ ತೀರಿತೆಂದೇ ನನ್ನ ಲೆಕ್ಕ.